ದೂರದಿಂದ ಬಂದ ವಿದ್ಯೆಯ ಅಳತೆ

ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬ ಗಾದೆಯು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಜೋಳ, ಬೇಳೆ, ಎಣ್ಣೆಗಳ ವಿಷಯದಲ್ಲಿ ಅವರು ಈ ಮಾತನ್ನು ದಿನಂಪ್ರತಿಯೂ ಪಾಲಿಸುತ್ತಿರುವರು. ಅಂಗಡಿಯವನು ತೂಗಿಕೊಟ್ಟದ್ದನ್ನು ಮನೆಯಲ್ಲಿ ಇನ್ನೊಮ್ಮೆ ಸೇರಿನಿಂದ ಅಳೆದು ನೋಡಿದ ಹೊರತು ಡಬ್ಬಿಗೆ ಹಾಕದ ಹಿರಿಯಳು ಇಂದಿಗೂ ಕೆಲವು ಮನೆಗಳಲ್ಲಿರುವಳು. ಆದರೆ ಮನೆಯೊಳಕ್ಕೆ ಬರುತ್ತಿರುವ ವಿದ್ಯೆಯನ್ನು ಅಳೆದುಕೊಳ್ಳುವ ಸೇರು ಯಾವದು? ಮಗನೋ ಮಗಳೋ ಕಾಲೇಜಿಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯು ಅಷ್ಟಾಗಿ ಹುಟ್ಟುತ್ತಿರಲಿಲ್ಲ. ಅಳೆಯುವದು ಮಾಸ್ತರರ ಕೆಲಸ, ನಂಬುವದು ತಾಯಿತಂದೆಗಳ ಕೆಲಸ ಎಂದು ಹಂಚಿಕೆಯಾಗಿತ್ತು. ಈಗಲಾದರೋ ಪಾಠವೇ ಕಾಲೇಜಿನಿಂದ ಹೊರಟು ಅಂತರ್ಜಾಲದ ಮಾರ್ಗವಾಗಿ ಅಡಿಗೆಮನೆಯ ಕಟ್ಟೆಯವರೆಗೆ ಬಂದು ಕುಳಿತಿರುವದು. ಆದಕಾರಣ ಅಳತೆಯ ವಿಚಾರವೂ ಅಲ್ಲಿಯವರೆಗೆ ಬಂದಿತೆಂದು ನಾವು ತಿಳಿಯುತ್ತೇವೆ. ನಮ್ಮದರಂತೆ ಇನ್ನೂ ಏಳಿಗೆಯ ದಾರಿಯಲ್ಲಿರುವ ದೇಶಗಳ ವಿಶ್ವವಿದ್ಯಾಲಯಗಳು, ಆನ್‌ಲೈನ್ ಎಂದು ಕರೆಯಲ್ಪಡುವ ಈ ಬೋಧನಾಕ್ರಮವನ್ನು ಹೇಗೆ ಪರೀಕ್ಷಿಸಿ ನೋಡಬೇಕು, ಈವರೆಗೆ ಹೇಗೆ ನೋಡಿರುವವು ಎಂಬುದನ್ನು, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ತಾಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ವಾಚಕರಲ್ಲಿ ನಿವೇದಿಸುವೆವು.

೨೦೨೦ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಕೊರೋನಾ ವ್ಯಾಧಿಯ ಭಯದಿಂದ ಕಾಲೇಜುಗಳ ಬಾಗಿಲುಗಳು ಮುಚ್ಚಿದವು. ಕರ್ನಾಟಕದಲ್ಲಿ ಅವು ಮರಳಿ ತೆರೆಯತೊಡಗಿದ್ದು ಅದೇ ವರ್ಷದ ನವೆಂಬರ ೧೭ಕ್ಕೆ. ನಡುವಿನ ಎಂಟು ತಿಂಗಳು ಪಾಠವು ಮೊಬೈಲಿನಲ್ಲಿ ನಡೆಯಿತು. ಮೊಬೈಲು ಇಲ್ಲದಲ್ಲಿ ನಡೆಯಲಿಲ್ಲ. ೨೦೨೧ರ ಆರಂಭದಲ್ಲಿ ರಾಜ್ಯ ಸರಕಾರವು ಕಲಿಕಾ ನಿರ್ವಹಣಾ ವ್ಯವಸ್ಥೆಯೆಂಬ ಏರ್ಪಾಡನ್ನು ೪೩೦ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ, ಅವುಗಳ ಜೊತೆಗೆ ಸರಕಾರಿ ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿಗೂ ಹಬ್ಬಿಸಿತು. ತಾಲೂಕಿನ ಊರುಗಳ ಚಿಕ್ಕ ಕಾಲೇಜುಗಳು ಹೀಗೆ ಒಮ್ಮೆಲೇ ಈ ಹೊಸ ಬಗೆಯ ಪಾಠಶಾಲೆಯೊಳಗೆ ಸೇರಿದವು. ಕೇಂದ್ರ ಸರಕಾರದ ‘ಸ್ವಯಂ’ ಎಂಬುದು ಇದಕ್ಕೂ ಹಿರಿದು. ಅದು ೨೦೧೭ರ ಜುಲೈ ೯ರಂದು ಆರಂಭವಾಯಿತು.

ಈ ಏರ್ಪಾಡನ್ನು ಕಂಡಿಲ್ಲದವರಿಗಾಗಿ ಎರಡು ಮಾತು. ಅದೊಂದು ಗೋಡೆಗಳಿಲ್ಲದ ಪಾಠಶಾಲೆ. ಉಪಾಧ್ಯಾಯರು ತಮ್ಮ ಪಾಠದ ವಿಡಿಯೊಗಳನ್ನೂ ಟಿಪ್ಪಣಿಗಳನ್ನೂ ಪ್ರಶ್ನೆಗಳನ್ನೂ ಅದರಲ್ಲಿ ಏರಿಸಿಡುವರು. ವಿದ್ಯಾರ್ಥಿಯು ತನ್ನ ಹೆಸರನ್ನೂ ಗುಪ್ತಶಬ್ದವನ್ನೂ ಕೊಟ್ಟು ಒಳಹೊಕ್ಕು ಅವುಗಳನ್ನು ನೋಡುವನು, ಪ್ರಶ್ನೆಗಳಿಗೆ ಉತ್ತರ ಒತ್ತುವನು. ಹೀಗೆ ಒಳಹೋಗುವದಕ್ಕೆ ಲಾಗಿನ್ ಎನ್ನುವರು. ಇಂಥ ವ್ಯವಸ್ಥೆಗಳಲ್ಲಿ ಮೂಡಲ್ ಎಂಬುದು ಪ್ರಸಿದ್ಧವಾದುದು; ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಾಸ್ ಎಂಬವರು ಅದನ್ನು ರಚಿಸಿ ೨೦೦೨ರಲ್ಲಿ ಹೊರತಂದರು. ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದಾದ್ದರಿಂದ ಬಡ ದೇಶಗಳ ವಿಶ್ವವಿದ್ಯಾಲಯಗಳಿಗೆ ಅದು ಬಹಳ ಒದಗಿಬಂದಿದೆ. ಇವೆಲ್ಲವುಗಳ ಒಡಲಿನಲ್ಲಿಯೂ ಒಬ್ಬ ಚಿತ್ರಗುಪ್ತನಿರುವನು. ಯಾರು ಎಷ್ಟು ಗಂಟೆಗೆ ಒಳಬಂದರು, ವಿಡಿಯೊ ಎಷ್ಟು ನಿಮಿಷ ಓಡಿತು, ನಾಲ್ಕು ಉತ್ತರಗಳಲ್ಲಿ ಯಾವುದನ್ನು ಒತ್ತಿದರು ಎಂಬುದನ್ನೆಲ್ಲ ಅವನು ಬರೆದಿಡುವನು. ಆ ಲೆಕ್ಕವು ಕಾಲೇಜಿನಿಂದ ಮೇಲಕ್ಕೆ, ಅಲ್ಲಿಂದ ಇನ್ನೂ ಮೇಲಕ್ಕೆ ಏರುತ್ತ ಹೋಗಿ ಒಂದು ದೊಡ್ಡ ಸಂಖ್ಯೆಯಾಗಿ ಪ್ರಕಟವಾಗುವದು. ಸಂಖ್ಯೆ ದೊಡ್ಡದಾದರೆ ವ್ಯವಸ್ಥೆಯು ಸಫಲವಾಯಿತೆಂದು ಅರ್ಥ.

ಕಾಲೇಜು ಮುಚ್ಚಿದ್ದ ಆ ದಿನಗಳಲ್ಲಿ ಸಿಂಧನೂರು ತಾಲೂಕಿನ, ಕಾಲುವೆಯ ಕೆಳಭಾಗದ ಒಂದು ಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳನ್ನು ನಾವು ಮಾತನಾಡಿಸಿದ್ದುಂಟು. ಮನೆಗೆಲ್ಲ ಒಂದೇ ಮೊಬೈಲು. ತಂದೆಯು ಅದನ್ನು ಹೊಲಕ್ಕೆ ಒಯ್ದರೆ ಮರಳುವದು ದೀಪ ಹಚ್ಚುವ ಹೊತ್ತಿಗೆ. ಮಾಳಿಗೆಯನ್ನು ಏರಿದರೆ ಮಾತ್ರ ಸಿಗ್ನಲ್ಲು.

“ಪಾಠ ಹ್ಯಾಂಗ ನಡದದವ್ವಾ?” ಎಂದು ಕೇಳಿದೆವು.

“ಹಾಜರಿ ಬೀಳ್ತದ್ರಿ ಸರ, ಪಾಠ ತಲಿಗೆ ಬೀಳಂಗಿಲ್ರಿ” ಎಂದಳು.

ಅವಳು ನಸುಕಿನಲ್ಲಿಯೇ ಎದ್ದು, ತಂದೆಯು ಹೊರಡುವದರೊಳಗೆ ಮಾಳಿಗೆಯ ಮೇಲೆ ಮೊಬೈಲನ್ನಿರಿಸಿ, ವಿಡಿಯೊ ಹಚ್ಚಿ, ರೊಟ್ಟಿ ಬಡಿಯಲು ಕೆಳಗಿಳಿದು ಬರುತ್ತಿದ್ದಳು. ಯಂತ್ರದ ಲೆಕ್ಕದಲ್ಲಿ ಅವಳು ಪ್ರತಿದಿನವೂ ನಲವತ್ತು ನಿಮಿಷ ಪಾಠ ಕೇಳಿದವಳು. ವಾಸ್ತವವಾಗಿ ಆ ಪಾಠವನ್ನು ಕೇಳಿದ್ದು ಮಾಳಿಗೆಯ ಮೇಲಿನ ಗುಬ್ಬಚ್ಚಿಗಳು. ಅದೇ ಊರಿನ ಅವಳ ಗೆಳತಿಗೆ ಮೊಬೈಲೇ ಇರಲಿಲ್ಲ. ಅವಳು ಹಿಂದಿನ ವರ್ಷದ ವಿದ್ಯಾರ್ಥಿನಿಯೊಬ್ಬಳ ನೋಟುಪುಸ್ತಕವನ್ನು ತಂದು ಅಕ್ಷರಶಃ ನಕಲು ಮಾಡಿ ಓದಿದಳು. ಇತಿಹಾಸದಲ್ಲಿ ನಾವು ಕೇಳಿದ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದಳು. ಯಂತ್ರದ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ.

ತರ್ಕಶಾಸ್ತ್ರದ ಮೊದಲನೆಯ ಪಾಠವನ್ನು ಓದಿದವರಿಗೆ ಇಲ್ಲಿಯ ದೋಷವು ಕೂಡಲೆ ಹೊಳೆಯುವದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವದು ಅನುಮಾನ. ಆ ಅನುಮಾನವು ನಿಲ್ಲಬೇಕಾದರೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯು ಇದ್ದೇ ಇರುವದೆಂಬ ನಿಯತವಾದ ಸಂಬಂಧವು, ಅಂದರೆ ವ್ಯಾಪ್ತಿಯು, ಮೊದಲು ಸಿದ್ಧವಾಗಿರಬೇಕು. ಲಾಗಿನ್ ಇದ್ದಲ್ಲೆಲ್ಲ ಕಲಿಕೆಯುಂಟೆಂಬ ವ್ಯಾಪ್ತಿಯನ್ನು ಯಾರು ಎಲ್ಲಿ ಸಿದ್ಧಪಡಿಸಿದರು? ಮೇಲಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳಲ್ಲಿ ಹೇತುವಿದ್ದು ಸಾಧ್ಯವಿಲ್ಲ, ಇನ್ನೊಬ್ಬಳಲ್ಲಿ ಸಾಧ್ಯವಿದ್ದು ಹೇತುವಿಲ್ಲ. ಕೆರೆಯ ಮೇಲಿನ ಮುಂಜಾವಿನ ಮಂಜನ್ನು ಹೊಗೆಯೆಂದು ಬಗೆದು, ಬೆಂಕಿ ಕಾಯಿಸಿಕೊಳ್ಳಲು ಹೋದಂತಾಯಿತು.

ಸಿಂಧನೂರಿನ ಒಕ್ಕಲಿಗರಿಗಾದರೆ ಇಷ್ಟು ಶಾಸ್ತ್ರವೂ ಬೇಡ. ತುಂಗಭದ್ರೆಯ ಎಡದಂಡೆಯ ಕಾಲುವೆಯು ೨೨೭ ಕಿಲೋಮೀಟರ ಉದ್ದವಾದುದು. ಅಣೆಕಟ್ಟಿನ ಬಾಗಿಲಿನಲ್ಲಿ ಎಷ್ಟು ಕ್ಯುಸೆಕ್ ನೀರು ಬಿಟ್ಟರೆಂಬುದು ವರ್ತಮಾನಪತ್ರದಲ್ಲಿ ಬರುವದು. ಕೆಳಭಾಗದ ರೈತನು ಅದನ್ನು ಓದಿ ಬದುವಿನ ಮೇಲೆ ಹೋಗಿ ನಿಂತು ತನ್ನ ಹೊಲಗಾಲುವೆಯಲ್ಲಿ ನೀರು ಎಷ್ಟು ಬೆರಳು ನಿಂತಿತೆಂದು ನೋಡುವನು. ಮೇಲಿನವರು ಎತ್ತಿಕೊಂಡದ್ದು, ದಂಡೆಯಲ್ಲಿ ಸೋರಿದ್ದು, ಹೂಳಿನಲ್ಲಿ ಇಂಗಿದ್ದು ಇವೆಲ್ಲ ಕಳೆದು ಉಳಿದದ್ದೇ ಅವನ ಪಾಲಿನ ನದಿ. ಪಾಠಕ್ಕೂ ಇದೇ ನ್ಯಾಯ. ಉಪಾಧ್ಯಾಯರು ಏರಿಸಿದ ಪಾಠಕ್ಕೂ ಹುಡುಗಿಯ ತಲೆಗೆ ಇಳಿದ ಪಾಠಕ್ಕೂ ನಡುವೆ ಮೊಬೈಲಿನ ಪಾಳಿ, ಡೇಟಾದ ಖರ್ಚು, ಹೋಗಿ ಬರುವ ವಿದ್ಯುತ್ತು, ಅರ್ಧ ತಿಳಿದು ಅರ್ಧ ತಿಳಿಯದ ಇಂಗ್ಲಿಷು, ರೊಟ್ಟಿಯ ಕೊಣಮಿಗೆ, ತಮ್ಮನ ಅಳು, ಇಷ್ಟೆಲ್ಲ ಇರುವವು. ಅಣೆಕಟ್ಟಿನ ಬಾಗಿಲಿನ ಲೆಕ್ಕವನ್ನೇ ಹಿಡಿದು ಬೆಳೆಯನ್ನು ಅಂದಾಜು ಮಾಡುವವನನ್ನು ನಮ್ಮ ಕಡೆಯ ರೈತರು ಏನೆನ್ನುವರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಲಿಂಗಸೂಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿರುವದಷ್ಟೆ. ಅಲ್ಲಿ ಟನ್ನುಗಟ್ಟಲೆ ಕಲ್ಲನ್ನು ಮೇಲೆತ್ತಿದರೂ ಕೊನೆಯ ಲೆಕ್ಕವು ಗ್ರಾಮುಗಳಲ್ಲಿಯೇ ನಡೆಯುವದು.

ವಿಶ್ವವಿದ್ಯಾಲಯಗಳು ಯಂತ್ರದ ಲೆಕ್ಕವೊಂದನ್ನೇ ನಂಬಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಅವು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಗಳನ್ನು ಕಳಿಸುವವು: ಪಾಠ ತೃಪ್ತಿಕರವಾಗಿತ್ತೇ? ಬಹಳ ತೃಪ್ತಿಯೇ, ಸಾಧಾರಣವೇ, ಅತೃಪ್ತಿಯೇ? ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು ೧೯೫೯ರಲ್ಲಿ ಇಂಥ ಪರೀಕ್ಷೆಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಕಲಿತವನಿಗೆ ಮೆಚ್ಚಿಕೆಯಾಯಿತೇ ಎಂಬುದು ಮೊದಲನೆಯದು; ಅವನು ನಿಜವಾಗಿ ಕಲಿತನೇ ಎಂಬುದು ಎರಡನೆಯದು; ಕಲಿತದ್ದು ನಡತೆಯಲ್ಲಿ ಕಂಡಿತೇ, ಅದರಿಂದ ಒಟ್ಟಿನ ಮೇಲೆ ಫಲವೇನಾಯಿತು ಎಂಬುವು ಉಳಿದೆರಡು. ತೃಪ್ತಿಯ ಪ್ರಶ್ನಾವಳಿಯು ಮೊದಲನೆಯ ಮೆಟ್ಟಿಲಿನಲ್ಲಿಯೇ ಕುಳಿತುಬಿಡುವದು. ಇದಕ್ಕಿಂತ ಮಿಗಿಲಾದ ಕೊರತೆಯೊಂದುಂಟು. ಆ ಪ್ರಶ್ನಾವಳಿಯು ಬರುವದೂ ಅಂತರ್ಜಾಲದ ಮಾರ್ಗವಾಗಿಯೇ. ನೆಟ್ ಇದ್ದವರಿಗೆ ಅದು ತಲಪುವದು. ಪಾಠ ಬಿಡದೆ ಉಳಿದವರು ಅದನ್ನು ತುಂಬುವರು. ಮಾಳಿಗೆ ಏರಲಾರದೆ ನಡುವೆಯೇ ಬಿಟ್ಟುಹೋದವಳನ್ನು, ಮೊಬೈಲು ಕೊಳ್ಳಲಾರದೆ ಕೂಲಿಗೆ ಹೋದವನನ್ನು ಯಾರೂ ಏನೂ ಕೇಳುವದಿಲ್ಲ. ಊಟಕ್ಕೆ ಬಂದವರನ್ನಷ್ಟೇ ಕೇಳಿ, ಊರಿನಲ್ಲಿ ಹಸಿದವರೇ ಇಲ್ಲವೆಂದು ಬರೆದುಕೊಂಡಂತೆ ಇದು.

ಹಸಿದವರು ಎಷ್ಟೆಂಬುದಕ್ಕೆ ಸರಕಾರದ ಲೆಕ್ಕವೇ ಸಾಕ್ಷಿ. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಭಾರತದ ಹಳ್ಳಿಗಳ ಮನೆಗಳಲ್ಲಿ ನೂರಕ್ಕೆ ಸುಮಾರು ೪ ಮನೆಗಳಲ್ಲಿ ಕಂಪ್ಯೂಟರು, ಸುಮಾರು ೧೫ ಮನೆಗಳಲ್ಲಿ ಅಂತರ್ಜಾಲದ ಅನುಕೂಲವು ಕಂಡುಬಂದವು; ಪಟ್ಟಣಗಳಲ್ಲಿ ಈ ಸಂಖ್ಯೆಗಳು ಸುಮಾರು ೨೩ ಮತ್ತು ೪೨. ಆ ಮೇಲೆ ಅಗ್ಗದ ಮೊಬೈಲುಗಳು ಹಳ್ಳಿಹಳ್ಳಿಗೂ ಹರಡಿರುವದು ನಿಜ. ಆದರೂ ಮನೆಯಲ್ಲೊಂದು ಮೊಬೈಲಿರುವದು ಬೇರೆ, ಮಗಳ ಕೈಯಲ್ಲಿ ಎರಡು ತಾಸು ಅದು ಇರುವದು ಬೇರೆ. ೨೦೧೧ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆಯು ನೂರಕ್ಕೆ ೬೦ನ್ನು ಮುಟ್ಟಿರಲಿಲ್ಲ. ಸ್ತ್ರೀಯರಲ್ಲಿ ೪೯ನ್ನೂ ಮುಟ್ಟಿರಲಿಲ್ಲ. ಅಂದು ಅಕ್ಷರಬಾರದವರೆಂದು ಎಣಿಸಲ್ಪಟ್ಟ ಆ ತಾಯಂದಿರ ಮಕ್ಕಳೇ ಇಂದು ಕಾಲೇಜಿನಲ್ಲಿರುವರು. ಮಗಳು ಪರದೆಯ ಮೇಲೆ ಏನು ನೋಡುತ್ತಿರುವಳೆಂಬುದನ್ನು ಪರೀಕ್ಷಿಸುವ ಬಗೆ ಆ ತಾಯಿಗೆ ತಿಳಿಯದು.

ಇಷ್ಟಾದ ಮೇಲೆ, ದೂರದಿಂದ ಬರುವ ಪಾಠವನ್ನು ಅಳೆಯುವದೇ ಅಸಾಧ್ಯವೋ ಎಂದು ವಾಚಕರು ಕೇಳಬಹುದು. ಅಸಾಧ್ಯವಲ್ಲ. ಇದೇ ರಾಯಚೂರು ಜಿಲ್ಲೆಯು ಐವತ್ತು ವರ್ಷಗಳ ಹಿಂದೆ ಅದನ್ನು ಕಂಡಿದೆ; ನಮ್ಮವರೇ ಅದನ್ನು ಮರೆತಿರುವದು ಶೋಚನೀಯ.

೧೯೭೫ನೆಯ ಆಗಸ್ಟ ೧ರಿಂದ ೧೯೭೬ನೆಯ ಜುಲೈ ೩೧ರ ವರೆಗೆ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದವರಿಂದ ಒಂದು ವರ್ಷದ ಮಟ್ಟಿಗೆ ಎರವಾಗಿ ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳಿಸಿತು. ಸೈಟ್ ಎಂಬುದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡ ಜಿಲ್ಲೆಗಳು ಮೂರು: ಬಿಜಾಪುರ, ಗುಲಬರ್ಗಾ, ರಾಯಚೂರು. ಬೆಂಗಳೂರಿನ ಮನೆಗಳಲ್ಲಿ ದೂರದರ್ಶನವಿನ್ನೂ ಇಲ್ಲದಿದ್ದಾಗ, ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ತಂತಿಬಲೆಯ, ಹತ್ತು ಅಡಿ ಅಗಲದ ಕೊಡೆಯೊಂದು ಆಕಾಶದ ಕಡೆಗೆ ಬಾಯ್ದೆರೆದು ನಿಂತಿತ್ತು. ಮುಂಜಾನೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ. ಸಂಜೆ ಹಿರಿಯರಿಗೆ ಒಕ್ಕಲುತನ, ಆರೋಗ್ಯ ಮೊದಲಾದವು.

ನಾವು ಇಲ್ಲಿ ಎತ್ತಿ ಹೇಳಬೇಕೆಂದಿರುವದು ಆ ಕೊಡೆಯನ್ನಲ್ಲ, ಆ ಪ್ರಯೋಗವನ್ನು ಅವರು ಅಳೆದ ರೀತಿಯನ್ನು. ಪಾಠವು ಆರಂಭವಾಗುವ ಮುಂಚೆಯೇ ಅವರು ಹಳ್ಳಿಗಳಿಗೆ ಹೋಗಿ ಜನರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲವೆಂಬುದನ್ನು ಬರೆದುಕೊಂಡರು. ಪಾಠ ನಡೆಯುತ್ತಿರುವಾಗ ಮತ್ತೊಮ್ಮೆ, ಮುಗಿದ ಮೇಲೆ ಮಗುದೊಮ್ಮೆ ಕೇಳಿದರು. ದೂರದರ್ಶನವಿಲ್ಲದ ಹಳ್ಳಿಗಳನ್ನೂ ಹೋಲಿಕೆಗಾಗಿ ಆರಿಸಿಕೊಂಡು ಅಲ್ಲಿಯೂ ಅದೇ ಪ್ರಶ್ನೆಗಳನ್ನು ಕೇಳಿದರು. ಇಷ್ಟರಿಂದಲೂ ತೃಪ್ತಿಪಡದೆ, ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ಮನೆ ಹಿಡಿದು ವಾಸಮಾಡಿ, ಜನರೊಡನೆ ಕುಳಿತು ನೋಡಿದರು. ಯಂತ್ರವು ಎಷ್ಟು ಹೊತ್ತು ಓಡಿತೆಂಬುದನ್ನು ಯಂತ್ರದಿಂದ ಕೇಳಿ ಬರೆದುಕೊಂಡು ಮನೆಗೆ ಹೋಗಲಿಲ್ಲ.

ಅವರಿಗೆ ಸಿಕ್ಕ ಉತ್ತರವು ಯಾರನ್ನೂ ಹೊಗಳುವಂಥದಾಗಿರಲಿಲ್ಲ. ಅದರಿಂದಲೇ ಅದರ ಮೇಲೆ ನಮಗೆ ವಿಶ್ವಾಸ. ಮೊದಮೊದಲು ಪೆಟ್ಟಿಗೆಯ ಮುಂದೆ ಜಾತ್ರೆಯಂತೆ ನೆರೆದ ಜನ ಬರಬರುತ್ತ ನೂರರ ಆಸುಪಾಸಿಗೆ ಇಳಿದರು. ದೂರದರ್ಶನದಿಂದ ಶಾಲೆಯ ಹಾಜರಿಯು ಹೆಚ್ಚುವದೆಂಬ ಆಸೆಯು ಕೈಗೂಡಲಿಲ್ಲ. ಆದರೆ ಮಕ್ಕಳ ಭಾಷೆಯು ಬೆಳೆದಿತ್ತು. ಹೊಸತನ್ನು ತಿಳಿಯುವ ಆಸ್ಥೆಯು ಹೆಚ್ಚಿತ್ತು. ಹಿರಿಯರಲ್ಲಿ ಆರೋಗ್ಯ ಮೊದಲಾದ ವಿಷಯಗಳ ತಿಳುವಳಿಕೆಯು ಬೆಳೆಯಿತು. ಅದೂ ಯಾರಲ್ಲಿ ಹೆಚ್ಚು? ಗಂಡಸರಿಗಿಂತ ಹೆಂಗಸರಲ್ಲಿ, ಅಕ್ಷರಸ್ಥರಿಗಿಂತ ಅಕ್ಷರ ಬಾರದವರಲ್ಲಿ. ಈ ಒಂದು ಸಂಗತಿಯನ್ನು ನೋಡಿರಿ. ಹಾಜರಿಯೊಂದನ್ನೇ ಎಣಿಸಿದ್ದರೆ ಆ ಪ್ರಯೋಗವು ವ್ಯರ್ಥವೆಂದೇ ತೀರ್ಮಾನವಾಗುತ್ತಿತ್ತು. ಮನೆಯೊಳಗೆ ಹೋಗಿ ಕೇಳಿದ್ದರಿಂದ, ಯಾರೂ ನಿರೀಕ್ಷಿಸದಿದ್ದ ಕಡೆಯಲ್ಲಿ ಫಲವು ಕಾಣಿಸಿತು. ಅಳತೆಯು ಕೇವಲ ತಪ್ಪು ಹುಡುಕುವ ಕೆಲಸವೆಂದು ತಿಳಿದ ಅಧಿಕಾರಿಗಳಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಹೊರದೇಶಗಳ ಸಂಗತಿಯನ್ನೂ ಸ್ವಲ್ಪ ನೋಡುವಾ. ವ್ಯವಸ್ಥೆಯೊಂದನ್ನು ಕೊಂಡು ತಂದ ಮಾತ್ರಕ್ಕೆ ವಿದ್ಯೆಯು ಬಾರದೆಂಬುದನ್ನು ಆಫ್ರಿಕದವರು ನಮಗಿಂತ ಮುಂಚೆ ಕಂಡರು. ೧೯೯೭ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆಫ್ರಿಕನ್ ವರ್ಚುವಲ್ ಯೂನಿವರ್ಸಿಟಿ ಎಂಬುದು ಹುಟ್ಟಿ, ಅಮೆರಿಕ ಮೊದಲಾದೆಡೆಯ ವಿಶ್ವವಿದ್ಯಾಲಯಗಳ ಪಾಠಗಳನ್ನು ಉಪಗ್ರಹದ ಮೂಲಕ ಆಫ್ರಿಕದ ಕಾಲೇಜುಗಳಿಗೆ ತಲಪಿಸಿತು. ೨೦೦೨ರಲ್ಲಿ ಅದರ ಆಡಳಿತವು ಕೆನ್ಯಾದ ನೈರೋಬಿಗೆ ಬಂದಿತು; ಆ ಮೇಲೆ ಆಫ್ರಿಕದ ಉಪಾಧ್ಯಾಯರೇ ಕೂಡಿ ತಮ್ಮ ಪಾಠಗಳನ್ನು ತಾವು ರಚಿಸುವ ದಾರಿಯನ್ನು ಹಿಡಿದರು. ಇನ್ನು ಸಿರಿವಂತ ದೇಶದ ಮಾತು. ಹಾರ್ವರ್ಡ್ ಮತ್ತು ಎಂ.ಐ.ಟಿ. ಎಂಬ ಹೆಸರಾಂತ ವಿದ್ಯಾಪೀಠಗಳು ನಡೆಸಿದ ಆನ್‌ಲೈನ್ ಪಾಠಗಳ ಲೆಕ್ಕವು ೨೦೧೯ರಲ್ಲಿ ಪ್ರಕಟವಾಯಿತು. ೨೦೧೭-೧೮ರಲ್ಲಿ ಹೆಸರು ಬರೆಸಿದ ನೂರು ಜನರಲ್ಲಿ ಪಾಠವನ್ನು ಮುಗಿಸಿದವರು ಮೂವರು. ನೂರರಲ್ಲಿ ಅರ್ಧದಷ್ಟು ಜನ ಹೆಸರು ಬರೆಸಿ ಒಳಕ್ಕೆ ಕಾಲನ್ನೇ ಇಡಲಿಲ್ಲ. ಆದರೆ ಹಣ ಕೊಟ್ಟು, ಪ್ರಮಾಣಪತ್ರ ಬೇಕೆಂದು ಸೇರಿದವರಲ್ಲಿ ನೂರಕ್ಕೆ ೪೬ ಜನ ಮುಗಿಸಿದರು. ಆದುದರಿಂದ ಮೂರು ಎಂಬ ಅಂಕೆಯನ್ನು ಹಿಡಿದು ಹೀಯಾಳಿಸುವದೂ ನ್ಯಾಯವಲ್ಲ. ಹೆಸರು ಬರೆಸಿದವರ ಲಕ್ಷಗಳನ್ನು ಹಿಡಿದು ಹೆಮ್ಮೆಪಡುವದಂತೂ ಅಲ್ಲವೇ ಅಲ್ಲ. ನಮ್ಮ ‘ಸ್ವಯಂ’ದಲ್ಲಿ ಒಂದು ಗುಣವನ್ನು ಮೆಚ್ಚಬೇಕು. ಪಾಠವನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಕೊನೆಯ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರಿಗೆ ಕುಳಿತು ಬರೆಯಬೇಕು. ಅಷ್ಟರ ಮಟ್ಟಿಗಾದರೂ ಅಲ್ಲಿ ಚಿತ್ರಗುಪ್ತನ ಮಾತೇ ಕೊನೆಯ ಮಾತಲ್ಲ.

ದೂರಕ್ಕೆ ಪಾಠ ಕಳಿಸುವದು ಹೊಸ ಹುಚ್ಚೆಂದು ನಮ್ಮ ಪೀಳಿಗೆಯವರು ಕೆಲವರು ಹೇಳುವರು. ಮಸ್ಕಿಯ ಗುಡ್ಡವನ್ನು ನೋಡಿದವರು ಹಾಗೆ ಹೇಳಲಾರರು. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರರಿಗೆ ಅಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರೂ ಇದ್ದುದರಿಂದ, ಆ ಬಿರುದಿನ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಇದು ಶಾಲೆಯ ಮಕ್ಕಳಿಗೂ ಗೊತ್ತು. ಪಾಟಲಿಪುತ್ರದ ಅರಸನು ಬ್ರಾಹ್ಮೀಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಕೃಷ್ಣೆಯ ಈಚೆಯ ಜನರಿಗೆ ಪಾಠವನ್ನು ಏರಿಸಿದನು. ಧರ್ಮದಲ್ಲಿ ನಿರತನಾದರೆ ಕೆಳಗಿನವನೂ ಗುರಿಯನ್ನು ಮುಟ್ಟಬಲ್ಲನು, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಓದಬಾರದ ಒಕ್ಕಲಿಗನಿಗೆ ಅದನ್ನು ಓದಿ ಹೇಳುವವನೊಬ್ಬನು ಬೇಕೇ ಬೇಕಷ್ಟೆ. ಕಳಿಂಗದ ಧೌಲಿ, ಜೌಗಡಗಳ ಶಾಸನಗಳಲ್ಲಿ ಅಶೋಕನು ಇದನ್ನೂ ಯೋಚಿಸಿರುವದು ಕಂಡುಬರುವದು. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು, ಆಜ್ಞೆಯಂತೆ ನಡೆಯುತ್ತಿದೆಯೋ ಎಂದು ನೋಡಲು ಐದೈದು ವರ್ಷಗಳಿಗೊಮ್ಮೆ ಕ್ರೂರನಲ್ಲದ ಅಧಿಕಾರಿಯನ್ನು ಕಳಿಸುವೆನು ಎಂದು ಅಲ್ಲಿ ವಿಧಿಸಿದ್ದಾನೆ. ಕೇಳುವವನು ಒಬ್ಬನೇ ಇದ್ದರೂ, ಎಂಬ ಆ ಮಾತಿಗಾಗಿ ನಾವು ಆ ಅರಸನಿಗೆ ಇನ್ನೊಮ್ಮೆ ಕೈಮುಗಿಯುವೆವು.

ವಿದ್ಯಾರ್ಥಿಗೆ ವಿದ್ಯೆಯ ಕಾಲುಭಾಗವು ಆಚಾರ್ಯನಿಂದ, ಕಾಲುಭಾಗವು ಸ್ವಬುದ್ಧಿಯಿಂದ, ಕಾಲುಭಾಗವು ಸಹಪಾಠಿಗಳಿಂದ, ಉಳಿದ ಕಾಲುಭಾಗವು ಕಾಲಕ್ರಮದಿಂದ ಬರುವದೆಂದು ಹಿರಿಯರ ಎಣಿಕೆ. ಆನ್‌ಲೈನ್ ಪಾಠವು ಮೊದಲನೆಯ ಕಾಲನ್ನು ಹೇಗಾದರೂ ತಂದುಕೊಡಬಲ್ಲದು. ಕೆಲವೊಮ್ಮೆ ಊರಿನಲ್ಲಿರುವ ಉಪಾಧ್ಯಾಯರಿಗಿಂತ ಒಳ್ಳೆಯವರನ್ನೇ ತರಬಲ್ಲದು. ಸಹಪಾಠಿಯ ಕಾಲು ಮಾತ್ರ ಅದರಿಂದ ಮುರಿಯುವದು. ಕಾಲೇಜಿನ ಬಸ್ಸಿನಲ್ಲಿ, ಗಿಡದ ನೆರಳಿನಲ್ಲಿ, ಹಂಚಿಕೊಂಡ ಬುತ್ತಿಯ ಮುಂದೆ ಆಗುತ್ತಿದ್ದ ಪಾಠವನ್ನು ಯಾವ ವಿಡಿಯೊವೂ ತುಂಬಿಕೊಡದು. ಇಷ್ಟಿದ್ದರೂ ಹಟ್ಟಿಯ ಗಣಿಯಲ್ಲಿ ಪಾಳಿಯ ಕೆಲಸ ಮಾಡುತ್ತ ಪದವಿಯನ್ನು ಬಯಸುವ ತರುಣನಿಗೆ, ಮದುವೆಯಾಗಿ ಬಂದ ಊರಿನಿಂದ ಕಾಲೇಜಿನ ದಾರಿ ದೂರವಾದ ಸೊಸೆಗೆ, ಈ ದಾರಿಯ ಹೊರತು ಬೇರೆ ದಾರಿಯಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಒಂದೇ ಪಾಠವನ್ನು ಮೂರು ಸಲ ಕೇಳುವ ಅನುಕೂಲವು ನಮ್ಮ ತರಗತಿಯಲ್ಲಿ ಎಂದೂ ಇರಲಿಲ್ಲ. ಅತ್ತೆಯವರು ಇದನ್ನು ಮೊಬೈಲಿನ ಹುಚ್ಚೆಂದು ಬಗೆಯದಿರಲಿ.

ದುಡ್ಡಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೈಸೂರು ವಿಶ್ವವಿದ್ಯಾಲಯವು ೧೯೬೯ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವು ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಎಷ್ಟೋ ಶಿಕ್ಷಕರೂ ಗೃಹಿಣಿಯರೂ ಅದರಿಂದ ಪದವೀಧರರಾದರು. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು, ಅದು ತನ್ನ ಎಲ್ಲೆಯನ್ನು ದಾಟಿ ಪಾಠ ನಡೆಸಿತೆಂಬ ಕಾರಣದಿಂದ, ೨೦೧೩-೧೪ರಿಂದ ಅದಕ್ಕೆ ಮಾನ್ಯತೆಯಿಲ್ಲವೆಂದು ೨೦೧೫ರಲ್ಲಿ ಸಾರಿತು. ಮಾನ್ಯತೆಯು ಮರಳಿ ದೊರೆತದ್ದು ೨೦೧೮ರಲ್ಲಿ. ಈಗ ಅದು ಮಾನ್ಯವಾದ ಸಂಸ್ಥೆಯೇ ಸರಿ. ಆದರೂ ಆ ನಡುವಿನ ವರ್ಷಗಳಲ್ಲಿ ಹಣವನ್ನೂ ಹಗಲಿರುಳನ್ನೂ ಸುರಿದ ವಿದ್ಯಾರ್ಥಿಗಳು, ಕೈಯಲ್ಲಿ ಕಾಗದವಿದ್ದೂ ನೌಕರಿಯ ಬಾಗಿಲಿನಲ್ಲಿ ನಿಲ್ಲಬೇಕಾಯಿತು. ಅವರು ಓದಿರಲಿಲ್ಲವೆಂದಲ್ಲ, ಅಳೆಯಬೇಕಾದವರು ಅಳೆಯಬೇಕಾದಾಗ ಅಳೆಯಲಿಲ್ಲ. ಮಾನ್ಯತೆ ಪಡೆದ ದೂರಶಿಕ್ಷಣದ ಮತ್ತು ಆನ್‌ಲೈನಿನ ಪದವಿಗಳು ತರಗತಿಯ ಪದವಿಗೆ ಸಮಾನವೆಂದು ೨೦೨೨ರ ಸಪ್ಟೆಂಬರದಲ್ಲಿ ಆಯೋಗವು ಸ್ಪಷ್ಟಪಡಿಸಿತು. ಆದುದರಿಂದ ಊರಿನ ಗೋಡೆಗಳ ಮೇಲೆ ಆರು ತಿಂಗಳಿಗೆ ಪದವಿ ಕೊಡುವೆವೆಂದು ಅಂಟಿಸಿದ ಕಾಗದವನ್ನು ನೋಡಿ ಹಣ ಕಟ್ಟುವ ಮುಂಚೆ, ಆ ಸಂಸ್ಥೆಯ ಹೆಸರೂ ಆ ಪಾಠಕ್ರಮದ ಹೆಸರೂ ಆಯೋಗದ ದೂರಶಿಕ್ಷಣ ವಿಭಾಗದ ಆ ವರ್ಷದ ಪಟ್ಟಿಯಲ್ಲಿ ಇರುವವೋ ಎಂದು ನೋಡಿಸಿರಿ. ಹಿಂದಿನ ವರ್ಷದ ಪಟ್ಟಿಯು ಸಾಲದು.

ಮನೆಯಲ್ಲಿ ಮಾಡಬಹುದಾದ ಅಳತೆಯು ಇನ್ನೂ ಸುಲಭ. ಅಕ್ಷರ ಬಾರದ ತಾಯಿಯೂ ಅದನ್ನು ಮಾಡಬಲ್ಲಳು. ರಾತ್ರಿ ಊಟವಾದ ಮೇಲೆ ಮೊಬೈಲನ್ನು ಗೂಡಿನಲ್ಲಿಡಿಸಿ, “ಇವತ್ತು ಏನು ಕಲಿತಿ, ನನಗ ತಿಳಿಯೋ ಹಂಗ ಹೇಳು” ಎಂದು ಕೇಳಿರಿ. ಕಲಿತವಳು ಹೇಗಾದರೂ ಹೇಳುವಳು. ಮನೆಮಾತಿನಲ್ಲಿ ಹೇಳುವಾಗ ತನಗೆ ತಿಳಿಯದಿದ್ದದ್ದು ಯಾವುದೆಂಬುದು ಅವಳಿಗೇ ತಿಳಿಯುವದು. ಹೇಳಲಾರದಿದ್ದರೆ ಬಯ್ಯಬಾರದು. ಮರುದಿನ ಎರಡು ತಾಸು ಮೊಬೈಲು ಅವಳ ಕೈಯಲ್ಲಿಯೇ ಇರುವಂತೆ ಮಾಡಿ, ರೊಟ್ಟಿಯನ್ನು ತಮ್ಮನು ಬಡಿಯಲಿ.

ಕಾಲೇಜುಗಳಿಗೂ ನಮ್ಮದೊಂದು ಸೂಚನೆ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರಿಗೆ ತನ್ನದೇ ಆದ ವಿಶ್ವವಿದ್ಯಾಲಯವು ಬಂದಿರುವದರಿಂದ, ಇದನ್ನು ನಡೆಯಿಸಲು ದೂರದ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಒಂದೊಂದು ಊರಿನಿಂದಲೂ ಇಪ್ಪತ್ತು ವಿದ್ಯಾರ್ಥಿಗಳ ಹೆಸರನ್ನು ಚೀಟಿ ಎತ್ತಿ ಆರಿಸಬೇಕು. ಚೀಟಿಗಳನ್ನು ಯಂತ್ರದ ಪಟ್ಟಿಯಿಂದ ಬರೆಯದೆ ಪ್ರವೇಶದ ದಿನದ ಹೆಸರಿನ ಪಟ್ಟಿಯಿಂದ ಬರೆಯಬೇಕು. ಆಗ ಬಿಟ್ಟುಹೋದವರ ಹೆಸರೂ ಬರುವದು. ಉಪಾಧ್ಯಾಯರೊಬ್ಬರು ಒಂದು ಖಾಲಿ ಹಾಳೆಯನ್ನೂ ಒಂದು ಪೆನ್ನನ್ನೂ ಹಿಡಿದು ಅವರ ಮನೆಗಳಿಗೆ ಹೋಗಿ, ಆನ್‌ಲೈನಿನಲ್ಲಿ ಕೇಳಿದ ಪಾಠವೊಂದರ ಮೇಲೆ ಅರ್ಧ ಪುಟ ಬರೆಯಿಸಿಕೊಳ್ಳಬೇಕು. ತರಗತಿಯಲ್ಲಿ ಕೇಳಿದ ಇನ್ನೊಂದು ಪಾಠದ ಮೇಲೆ ಇನ್ನರ್ಧ ಪುಟ. ಎರಡನ್ನೂ ಪರೀಕ್ಷಿಸುವವರಿಗೆ ಯಾವುದು ಯಾವುದೆಂದು ತಿಳಿಸಬಾರದು. ಬಿಟ್ಟುಹೋದವರಿಂದ ಬರೆಯಿಸದೆ, ಏಕೆ ಬಿಟ್ಟರೆಂದು ಕೇಳಿ ಅವರ ಮಾತಿನಲ್ಲಿಯೇ ಬರೆದುಕೊಂಡರೆ ಸಾಕು. ಇದಕ್ಕೆ ತಗಲುವ ವೆಚ್ಚವು ಬಸ್ಸಿನ ಚಾರ್ಜೂ ನಾಲ್ಕು ಭಾನುವಾರಗಳೂ ಅಷ್ಟೆ. ನವೆಂಬರ ಡಿಸೆಂಬರಗಳಲ್ಲಿ ಮಾತ್ರ ಹೋಗಬಾರದು. ಆಗ ಸಿಂಧನೂರಿನ ಕಡೆಗೆ ಭತ್ತದ ಕೊಯ್ಲು ನಡೆದಿರುವದರಿಂದ ಮನೆಯಲ್ಲಿ ಯಾರೂ ಸಿಕ್ಕರು.